ಸಾರಥಿ ಕುಡಿದ ಸಂಜೆ

ಸೈರನ್ ಕೂಗಿದ್ದೇ ತಡ, ದೀಪಗಳೆಲ್ಲ ಒಟ್ಟಿಗೆ ಆರಿಹೋದವು. ಎಲ್ಲೋ ಬಂಡೆ ಸಿಡಿದ ಸದ್ದು. ಮರುಕ್ಷಣ ಸುತ್ತಲಿನ ಟೇಬಲ್ಲುಗಳಿಂದ ಹೋ ಎಂಬ ಕೂಗು. ಬಿಯರಿನ ಹೊಸ ಪೀಪಾಯಿ ತೆರೆದಾಗಲೆಲ್ಲ ಹೀಗೆ ಮಾಡುತ್ತೇವೆಂದು ಪಬ್ಬಿನವರು ಬಾಗಿಲಲ್ಲೇ ಹೇಳಿ, ತಲೆಗೊಂದು ಪ್ಲಾಸ್ಟಿಕ್ ಹೆಲ್ಮೆಟ್ ಇಟ್ಟು ಒಳಗೆ ಬಿಟ್ಟಿದ್ದರು. ನೆಲಮಾಳಿಗೆಯನ್ನು ಹಳೆಯ ಗಣಿಯಂತೆ ಮಾಡಿ, ಗೋಡೆಗೆ ಸಿಮೆಂಟಿನ ಬಂಡೆ ಮೆತ್ತಿ, ಟೇಬಲ್ಲುಗಳ ನಡುವೆ ಹಳಿ ಹಾಸಿದ್ದರು. ಗಾಜಿನ ಆಚೆ ಅಲ್ಲೇ ಬಿಯರ್ ತಯಾರಿಸುವ ತಾಮ್ರದ ಹಂಡೆಗಳು. ದಿನವಿಡೀ ದುಡಿದು ಸುಸ್ತಾದವರು ಸಂಜೆ ದುಡ್ಡು ಕೊಟ್ಟು ಗಣಿಗೆ ಇಳಿಯುತ್ತಾರೆಂದರೆ ನಿಜವಾದ ಗಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕಾರು.

ಸಾರಥಿ ಮಾತ್ರ ಟೇಬಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಶಾಲಾ ಬಸ್ಸಿನ ಡ್ರೈವರಾದ್ದರಿಂದ ಗೆಳೆಯರು ಇಟ್ಟ ಹೆಸರು ಅದು. ಆ ಕತ್ತಲೆ ಅವನಿಗೆ ಹಿತವಾಗಿತ್ತು. ಅಷ್ಟು ಹೊತ್ತಾದರೂ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಮತ್ತೆ ದೀಪ ಹತ್ತಿತು. ಉಳಿದವರಿಗೆ ಮುಖ, ತಟ್ಟೆ, ಗ್ಲಾಸು ಎಲ್ಲ ವಾಪಸು ಬಂದವು. ಅವನಿಗೆ ಬಂದದ್ದು ಹೆಲ್ಮೆಟ್ಟುಗಳ ದೀಪದ ಕೆಂಪಗಿನ ಮೂರ್ನಾಲ್ಕು ಚುಕ್ಕೆ, ಅಷ್ಟೆ.

"ಲೇ ಸಾರಥಿ, ನಿನ್ನ ಮುಂದೇನೇ ಇದೆಯಲ್ಲೋ ಕೋಳಿ, ಈ ಕಡೆ ತಳ್ಳೋ" ಎಂದ ಎದುರಿಗೆ ಕೂತ ಗೆಳೆಯ ಟೈಲರ್.

ಸಾರಥಿ ಕೈ ಚಾಚಿದ. ಸಿಕ್ಕಿದ್ದು ಸಾಸಿನ ಬಟ್ಟಲು. ಬೆರಳುಗಳು ಸೀದಾ ಅದರೊಳಗೇ ಇಳಿದವು.

"ಅಯ್ಯಯ್ಯೋ, ಮಗ್ ಮುಟ್ಟದೇನೇ ಇವನಿಗೆ ಏರಿಬಿಟ್ಟಿದೆ!" ಎಂದು ಡಾಕ್ಟ್ರು ಬಿದ್ದು ಬಿದ್ದು ನಕ್ಕ. ಡಾಕ್ಟ್ರು ಎಂದರೆ ಔಷಧಿ ಅಂಗಡಿಯವನು. ಜ್ವರದ ಮಾತ್ರೆ ಕೊಡುವಾಗಲೂ ನಾಡಿ ಹಿಡಿದು ನೋಡುವ ಆಸಾಮಿ. ಅವನು ಹೊಸ ಕಾರು ತೆಗೆದುಕೊಂಡ ಖುಷಿಗೇ ಈ ಪಾರ್ಟಿ. ಮೂವರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು.

ಸಾರಥಿಯೂ ನಕ್ಕ.

ನಿಜವಾದ ಡಾಕ್ಟರು, ಕಣ್ಣಿನವರು, ಬೇಸಿಗೆಯಲ್ಲೇ ಹೇಳಿದ್ದರು. ಇದಕ್ಕೆ ಔಷಧಿಯಿಲ್ಲ, ಮೊದಲು ಮಬ್ಬಿನಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು, ಗಾಡಿ ಓಡಿಸುವುದು ನಿಲ್ಲಿಸಿಬಿಡಿ. ತಲೆಯಾಡಿಸಿ ಬಂದವನು ಮರುದಿನ ಎಂದಿನಂತೆ ಬಸ್ಸು ಹತ್ತಿದ್ದ. ಹೆಂಡತಿಯ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಸ್ಟೀರಿಂಗ್ ಬಿಟ್ಟರೆ ತನಗೆ ಬೇರೇನು ಬರುತ್ತದೆ? ಇಷ್ಟು ದಿನ ಹೇಗೋ ನಡೆಯಿತು. ಈಗ ಚಳಿಗಾಲ, ಮೊದಲ ಸ್ಟಾಪಿನ ಮಕ್ಕಳು ಬೆಳಕು ಹರಿಯುವ ಮೊದಲೇ ಬಂದು ನಿಂತಿರುತ್ತಾರೆ. ಹೋದ ವಾರ ಅಲ್ಲೇ ಬಸ್ಸಿನ ಆಯಾ "ಬ್ರೇಕು! ಬ್ರೇಕು!" ಎಂದು ಕಿರುಚಿದ್ದಳು. ಬಂಪರಿನಿಂದ ಮೊಳದಷ್ಟು ದೂರದಲ್ಲಿ, ಬಿದ್ದ ಚೀಲ ಎತ್ತಿಕೊಳ್ಳಲು ಬಗ್ಗಿದ್ದ ಹುಡುಗಿ. ಟೈಲರನ ಮಗಳು. ಏನೂ ಆಗಿಲ್ಲವೆಂಬಂತೆ ಹತ್ತಿ ಬಂದು, "ಗುಡ್ ಮಾರ್ನಿಂಗ್ ಮಾಮ" ಎಂದಿತ್ತು ಮಗು. ಬ್ರೇಕು ಸರಿಯಿಲ್ಲವೆಂದು ಆಯಾಳಿಗೆ ಸುಳ್ಳು ಹೇಳಿದ್ದ. ಅಂದಿನಿಂದ ಕಣ್ಣು ಮುಚ್ಚಿದರೆ ಆ ಕಿರುಚಾಟವೇ.

"ಬೆಳಕಿರುವಾಗಲೇ ಹೊರಡೋಣ" ಎಂದು ಇವತ್ತೂ ಬಡಕೊಂಡಿದ್ದ. ಬರುವಾಗ ಬಿಸಿಲಿತ್ತು, ಹೊಸ ಕಾರನ್ನು ತಾನೇ ಓಡಿಸಿಕೊಂಡು ಬಂದಿದ್ದ, ಸಾಲದ್ದಕ್ಕೆ ಬಡಾಯಿ ಬೇರೆ ಕೊಚ್ಚಿದ್ದ. ನೆಲಮಾಳಿಗೆಗೆ ಕಿಟಕಿಯಿಲ್ಲ. ಹೊತ್ತು ಮುಳುಗಿದ್ದು ಉಳಿದವರಿಗೆ ಗೊತ್ತೇ ಆಗಲಿಲ್ಲ.

"ತಗೋ, ಕೀ ನಿನ್ ಹತ್ರಾನೇ ಇರ್ಲಿ" ಎಂದು ಡಾಕ್ಟ್ರು ಅದನ್ನು ಅವನ ಅಂಗೈಗೆ ತುರುಕಿದ. "ಹೋಗ್ತಾ ಈ ಟೈಲರ್ ಮನೆ ಹತ್ರ ನಿಲ್ಸು. ಅತ್ತಿಗೇನೂ ಪುಟ್ಟೀನೂ ಹತ್ತಿಸ್ಕೊಂಡು ಒಂದು ರೌಂಡ್ ಹೊಡೆಯೋಣ. ಮಗೂಗೆ ಮಾತು ಕೊಟ್ಟುಬಿಟ್ಟಿದೀನಿ."

"ನೀನು ಓಡ್ಸಿದ್ರೆ ನಮ್ಮವಳು ಕಳಿಸೋದೇ ಇಲ್ಲ" ಎಂದ ಟೈಲರ್. "ಸಾರಥಿ ಅಣ್ಣ ಇದ್ರೆ ಮಾತ್ರ ಅಂತಾಳೆ. ಬಸ್ಸಿಗೆ ಸೇರಿಸಿದ್ದೂ ಅದಕ್ಕೇ ತಾನೇ?"

ಹೇಳಿಬಿಡು ಎಂದಿತು ಸಾರಥಿಯ ಮನಸ್ಸು. ಹೇಳಿದರೆ ಕೆಲಸ ಹೋಯಿತು ಎಂದಿತು ಅದೇ ಮನಸ್ಸು. ಎದುರಿಗೆ ಟೈಲರನ ಮಗ್ಗಿತ್ತು. ನೊರೆ ಬೆಳ್ಳಗಿದ್ದುದರಿಂದ ಅದೊಂದು ಕಂಡಿತು. ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿರದವನು ಅದನ್ನೆತ್ತಿ ಗಟಗಟನೆ ಕುಡಿದುಬಿಟ್ಟ. ಕಹಿಗೆ ಕಣ್ಣಲ್ಲಿ ನೀರು ಬಂತು.

ಡಾಕ್ಟ್ರು ಎದ್ದು ಕುಣಿದ. "ಕುಡಿದ! ನಮ್ಮ ಸಾರಥಿ ಕುಡಿದ!" ಪಕ್ಕದ ಟೇಬಲ್ಲಿನವರೂ ಚಪ್ಪಾಳೆ ತಟ್ಟಿದರು. ವೇಟರು ಇನ್ನೊಂದು ಮಗ್ಗು ತಂದಿಟ್ಟು, "ಇದು ನಮ್ಮ ಕಡೆಯಿಂದ ಸರ್" ಎಂದ.

"ಇನ್ನು ನನ್ ಕೈಲಿ ಗಾಡಿ ಓಡ್ಸಕ್ಕಾಗಲ್ಲ ಕಣ್ರೋ" ಎಂದ ಸಾರಥಿ. "ಟ್ಯಾಕ್ಸಿ ಕರೆಸಿ."

"ಹಾಳಾದವ್ನೇ, ಇವತ್ತೇ ಆಗ್ಬೇಕಿತ್ತಾ ನಿಂಗೆ!" ಎಂದು ಡಾಕ್ಟ್ರು ಕೀ ಕಿತ್ತುಕೊಂಡು, ಕೆಳಗೆ ಸಿಗ್ನಲ್ ಸಿಗದೆ ಫೋನು ಹಿಡಿದು ಮೇಲೆ ಹೋದ.

ಬಚಾವಾದೆ ಎಂದುಕೊಂಡ ಸಾರಥಿ. ಮಗು ಕಾರು ಹತ್ತುವುದಿಲ್ಲ, ಗುಟ್ಟೂ ಹೊರಬೀಳಲಿಲ್ಲ. ಮೈಯೆಲ್ಲ ಹಗುರಾಯಿತು.

"ಹೋಗ್ಲಿ ಬಿಡು" ಎಂದ ಟೈಲರ್. "ಚೆನ್ನಾಗಿ ನೀರು ಕುಡಿದು ಮಲಕ್ಕೋ, ಬೆಳಿಗ್ಗೆ ಹೊತ್ತಿಗೆ ಇಳಿದಿರುತ್ತೆ. ಎಲ್ಲರಿಗಿಂತ ಮೊದ್ಲು ಬಂದು ನಿಲ್ಲೋದು ಪುಟ್ಟೀನೇ. ಇನ್ನೂ ಕತ್ತಲೆ ಕಣೇ, ತಡೀ ಅಂದ್ರೂ ಕೇಳಲ್ಲ, ಮಾಮನ ಬಸ್ಸು ಹೋಗ್ಬಿಡುತ್ತೆ ಅಂತಾಳೆ."

ಬೆಳಿಗ್ಗೆ. ಅದು ನಾಳೆಯೂ ಆಗುತ್ತದೆ, ನಾಡಿದ್ದೂ ಆಗುತ್ತದೆ. ದಿನಾ ಬೆಳಗಾಗೆದ್ದು ಕುಡಿದು ತಪ್ಪಿಸಿಕೊಳ್ಳಲಾಗುತ್ತದೆಯೇ?

"ಪುಟ್ಟೀನ ನಾಳೆ ಬಸ್ಸಿಗೆ ಹತ್ತಿಸ್ಬೇಡ" ಎಂದ ಸಾರಥಿ.

"ಯಾಕೋ? ರಜಾ ಹಾಕ್ತೀಯಾ?"

"ನಂಗೆ ಕಾಣಲ್ಲ ಕಣೋ. ಕಣ್ಣು ಹೋಗ್ತಾ ಇದೆ. ಹೋದ್ ವಾರ ನಿನ್ ಮಗಳು ಗಾಡಿ ಮುಂದೇನೇ ಇದ್ಲು. ಆಯಾ ಕಿರುಚದೇ ಇದ್ದಿದ್ರೆ..."

ಟೈಲರನ ಮುಖ ಕಾಣುವಂತಿದ್ದರೆ ಏನಾದರೂ ಅಂದಾಜಾಗುತ್ತಿತ್ತು. ಕಂಡದ್ದು ಹೆಲ್ಮೆಟ್ಟಿನ ದೀಪದ ಒಂದು ಚುಕ್ಕೆ, ಅದೂ ಅಲುಗಲಿಲ್ಲ. ಆಚೆ ಟೇಬಲ್ಲಿನಲ್ಲಿ ಯಾರೋ ಹಾಡು ಶುರು ಮಾಡಿ, ತಾಳ ತಪ್ಪಿ ನಕ್ಕರು. ಆಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಚುಕ್ಕೆ ಮೇಲೆದ್ದು ಪಕ್ಕಕ್ಕೆ ಹೋಗಿ ಕಾಣದಾಯಿತು. ಎದ್ದು ಹೋದನೆ? ಸಾರಥಿ ಗೆಳೆಯನನ್ನು ಹೆಸರು ಹಿಡಿದು ಕರೆದ.

ಮೊಣಕೈಗೆ ಒಂದು ಕೈ ಬಿತ್ತು. ಅವನನ್ನು ಎಬ್ಬಿಸಿತು, ಹಳಿಗಳ ನಡುವೆ ನಡೆಸಿತು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಅದು ಸಿಟ್ಟೋ ಅಕ್ಕರೆಯೋ ಸಾರಥಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

"ಮೆಟ್ಟಿಲು. ಕಾಲೆತ್ತು" ಎಂದ ಟೈಲರ್.

ಸಾರಥಿ ಕಾಲೆತ್ತಿದ.

"ಇನ್ನೂ ಇದೆ."