ಬಸುರಿಯ ಕೈಯ ಮೊಸರನ್ನ

ಚಿತ್ತವಾಡ್ಗಿಯ ಕೊಟ್ರಮ್ಮನಿಗೆ ಸೊಸೆಯ ಮೇಲೆ ಅದೆಂಥ ಅಕ್ಕರೆ ಅಂತೀರಿ! ಸ್ಫೂರ್ತಿಗೆ ಎಂಟು ತಿಂಗಳು ತುಂಬಿದ ಮೇಲಂತೂ ಅದಕ್ಕೆ ಲಂಗುಲಗಾಮೇ ಇರಲಿಲ್ಲ. ಬೆಳಿಗ್ಗೆ ಮಂಡಕ್ಕಿ ಒಗ್ಗಾಣಿ ಮಾಡಿದರೆ ಶೇಂಗಾ ಎಲ್ಲ ಆರಿಸಿ ಆರಿಸಿ ಸೊಸೆಯ ತಟ್ಟೆಗೇ ಹಾಕುವಳು.

"ಅತ್ತೀ, ನಾನೇನು ಕುಸ್ತಿಗೆ ಹೊಂಟೀನೇನ್ರಿ? ಇಷ್ಟ್ಯಾಕ ತಿನ್ನಿಸ್ತೀರಿ?"

"ಬಾಯಿ ಮುಚ್ಚಿ ತಿನ್ನು. ಒಳಗಿನ ಕೂಸು ಕೇಳಾಕತ್ತೈತಿ."

ಮುಂದಿನ ಸೋಮವಾರ ಸ್ಫೂರ್ತಿ ಬಾಣಂತನಕ್ಕೆ ಕಂಪ್ಲಿಯ ತವರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಕೊಟ್ರಮ್ಮನ ಕಿರಿಯ ಮಗ ಮುರುಗೇಶನಿಗೆ ಜ್ವರ ಬಂತು. ಮರುದಿನ ನೋಡಿದರೆ ಮೈತುಂಬ ನೀರುಗುಳ್ಳೆ. ಈ ಮನೆಯಲ್ಲಿ ಅದನ್ನು ಕಾಯಿಲೆ ಎನ್ನುವ ಹಾಗಿಲ್ಲ. ಕೊಟ್ರಮ್ಮನ ಗಂಡನ ಅಕ್ಕ ಮರುಳಸಿದ್ದಮ್ಮ ಮನೆಗೆ ಹಿರಿಯಳು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಅಪ್ಪಣೆ ಕೊಟ್ಟೇಬಿಟ್ಟಳು.

"ಅಮ್ಮ ಬಂದಾಳ. ಆಕಿ ಇಳಿದು ಹೋಗೋತನಕ ಯಾರೂ ಊರು ಬಿಡಂಗಿಲ್ಲ, ಡಾಕ್ಟರ್ ಗೀಕ್ಟರ್ ಅನ್ನಂಗಿಲ್ಲ. ಬಸುರಿ ಕೈ ತಂಪು. ದಿನಾ ಮೊಸರನ್ನದ ಎಡಿ ಸ್ಫೂರ್ತಿನೇ ಒಯ್ದು ಮುರುಗ್ಯಾಗ ಉಣ್ಣಿಸಬೇಕು."

"ದೊಡ್ಡತ್ತೀ, ನನಗ ಸಣ್ಣಾಕಿದ್ದಾಗ ಇದು ಬಂದಿಲ್ಲಂತ್ರಿ," ಎಂದಳು ಸ್ಫೂರ್ತಿ ಅಂಜುತ್ತ. "ಬರದಾಕಿಗೆ ಜಲ್ದಿ ಹತ್ತತೈತಿ ಅಂತಾರ."

"ಬಂದಿಲ್ಲಂದ್ರ ಇನ್ನಾ ಭಕ್ತಿಲೆ ಸೇವೆ ಮಾಡು. ಸೇವೆ ಮಾಡಿದಾಕಿನ್ನ ದೇವಿ ಮುಟ್ಟಂಗಿಲ್ಲ."

ನೋಡಿ ಈ ತರ್ಕವನ್ನು! ಉರಿಯುವ ಒಲೆಗೆ ಕೈ ಮುಗಿದು ಕೈ ಇಟ್ಟರೆ ಸುಡುವುದಿಲ್ಲ ಎಂದ ಹಾಗಾಯಿತು. ಕೊಟ್ರಮ್ಮನಾದರೂ ಬೇಡ ಎಂದಳೇ? ಸೊಸೆಯ ಬೆನ್ನು ಸವರಿ, "ಹೋಗವ್ವ, ಹಿರೇರು ಹೇಳ್ತಾರ," ಎಂದಳು. ಪ್ರೀತಿ ಬೆಟ್ಟದಷ್ಟಿತ್ತು, ಬಾಯಿ ಮಾತ್ರ ಇರಲಿಲ್ಲ.

ಸ್ಫೂರ್ತಿ ಮೈದುನನ ಪಕ್ಕ ಕೂತು ಉಣ್ಣಿಸಿದಳು. "ಅತ್ತಿಗೀ, ನೀವ್ಯಾಕ ಬಂದ್ರಿ?" ಎಂದು ಪಾಪ, ಅವನೇ ಮುಖ ತಿರುಗಿಸಿಕೊಂಡ. ಕೊಟ್ರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಾನೂ ಚೊಚ್ಚಲ ಬಸಿರಿನಲ್ಲಿ, ಮನೆಯಲ್ಲಿ ಅಮ್ಮ ಬಂದಿದ್ದವರಿಗೆ ಇದೇ ಎಡೆ ಹೊತ್ತವಳು. ಆಮೇಲೆ ಅವಳಿಗೂ ಅಮ್ಮ ಬಂದಿತ್ತು. ಅದರ ಬೆನ್ನಿಗೇ ಹೆರಿಗೆಯಾಗಿ, ಹುಟ್ಟಿದ ಹೆಣ್ಣುಕೂಸಿನ ಮೈಮೇಲೂ ಗುಳ್ಳೆಗಳೆದ್ದು ಅದು ತೀರಿಹೋಯಿತು. ದೇವಿ ತನ್ನದನ್ನು ತಾನು ಕರೆದುಕೊಂಡಳು ಎಂದರು ಹಿರಿಯರು. ಆಮೇಲೆ ಆ ಕೂಸಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಯಶವಂತನಗರದ ಗಣಿಯಲ್ಲಿ ಕೆಲಸ ಮಾಡುವ ಹಿರಿಯ ಮಗ, ಸ್ಫೂರ್ತಿಯ ಗಂಡ ಹಂಪೇಶ ಮರುದಿನ ಬೆಳಿಗ್ಗೆ ಬಂದವನು ಸುದ್ದಿ ಕೇಳಿ ಕೆಂಡವಾದ. "ಆಟೋ ತರ್ತೀನಿ. ಸ್ಫೂರ್ತಿನ್ನ ದವಾಖಾನಿಗೆ ಕರಕೊಂಡು ಹೋಗ್ತೀನಿ. ಯಾರು ತಡೀತೀರಿ ತಡೀರಿ!" ಮರುಳಸಿದ್ದಮ್ಮ ಎದೆ ಎದೆ ಬಡಿದುಕೊಂಡಳು. ಕೊಟ್ರಮ್ಮ ಸೆರಗು ಸರಿಮಾಡಿಕೊಂಡು ತಾನೂ ಆಟೋ ಹತ್ತಿದಳು.

ಡಾಕ್ಟರ್ ಪಂಪಾವತಿ ರಕ್ತ ಪರೀಕ್ಷೆ ಮಾಡಿಸಿದರು. ಸಂಜೆಗೆ ವರದಿ ಬಂತು.

"ಒಮ್ಮೆ ಬಂದು ಹೋದವ್ರ ಮೈಯಾಗ ಇದಕ್ಕ ಕಾವಲು ಇರತೈತಿ. ಈ ಹುಡುಗಿಗೆ ಇಲ್ಲ. ಬಸುರಿ ಹೆಂಗಸಿಗೆ ಬಂದ್ರ ಪುಪ್ಪುಸಕ್ಕೂ ಇಳೀಬಹುದು. ಇವತ್ತ ಕಾವಲಿನ ಇಂಜೆಕ್ಷನ್ ಕೊಡ್ತೀನಿ. ಬರೋದ ಇಲ್ಲ ಅಂತ ಗ್ಯಾರಂಟಿ ಹೇಳಂಗಿಲ್ಲ, ಆದ್ರ ಅಪಾಯ ಭಾಳ ಕಡಿಮಿ ಆಗತೈತಿ. ಒಂದು ಗುಳ್ಳಿ ಕಂಡ್ರೂ ತಡ ಮಾಡದ ಫೋನ್ ಮಾಡ್ರಿ. ಆ ಹುಡುಗನ ಕೋಣಿಗೆ ಮಾತ್ರ ಇನ್ನ ಕಾಲಿಡಬ್ಯಾಡ್ರಿ."

"ಅಮ್ಮಾರೆ," ಎಂದು ಕೊಟ್ರಮ್ಮ ಮುಂದಕ್ಕೆ ಬಾಗಿದಳು, "ಹೆರಿಗಿ ಹತ್ತರ ಇದ್ದಾಗ ತಾಯಿಗೆ ಬಂದ್ರ, ಕೂಸಿಗೆ?"

"ಕೂಸಿಗೂ ಹತ್ತತೈತಿ. ಎಳೇ ಜೀವ, ತಡಕೊಳ್ಳಾಕ ಆಗಂಗಿಲ್ಲ."

"ಔಷಧ ಕೊಡಿಸಿದ್ರ ಉಳೀತಿತ್ತೇನ್ರಿ?"

ಡಾಕ್ಟರ್ ಅವಳ ಮುಖ ನೋಡಿದರು. "ಉಳಿಸಾಕ ದಾರಿ ಇತ್ತವ್ವ," ಎಂದರು ಮೆಲ್ಲಗೆ. ಕೊಟ್ರಮ್ಮ ಸೊಸೆಯ ಕೈ ಬಿಗಿಯಾಗಿ ಹಿಡಿದುಕೊಂಡು ಕೂತಳು, ಇಂಜೆಕ್ಷನ್ ಮುಗಿಯುವವರೆಗೂ ಬಿಡಲಿಲ್ಲ.

ಮನೆಗೆ ಬಂದರೆ ಮರುಳಸಿದ್ದಮ್ಮ ಎಡೆಯ ತಟ್ಟೆ ಹಿಡಿದು ನಡುಮನೆಯಲ್ಲೇ ನಿಂತಿದ್ದಳು. "ತಗೋ ಸ್ಫೂರ್ತಿ. ದೇವಿ ಮುಂಜಾನಿಂದ ಹಸಗೊಂಡು ಕುಂತಾಳ."

ಕೊಟ್ರಮ್ಮ ನಡುವೆ ನುಗ್ಗಿ ತಟ್ಟೆ ತಾನೇ ಇಸಿದುಕೊಂಡಳು. "ನಾ ಉಣ್ಣಿಸ್ತೀನಿ ಅಕ್ಕಾ, ನನಗ ಬಂದು ಹೋಗೈತಿ. ಮುರುಗ್ಯಾಗ ಗುಳಿಗಿನೂ ತಂದೀನಿ. ಹಂಪೇಶ, ಹೆಂಡ್ತಿ ಸೀರಿ ಅರಬಿ ತಗೊಂಡು, ಆಕಿನ್ನ ಕರಕೊಂಡು ನಿನ್ನ ಗಣಿ ಕ್ವಾಟ್ರಸ್‌ಗೆ ನಡಿ."

"ಹುಚ್ಚು ಹಿಡದೈತೇನು ಕೊಟ್ರೀ! ದೇವಿ ಸಿಟ್ಟಾದ್ರ?"

"ನನ್ನ ಮ್ಯಾಲ ಆಗ್ಲಿ! ನಾನೂ ಆಕಿಗೆ ಕೈ ಮುಗಿಯಾಕಿನ. ಆದ್ರ ನನ್ನ ಕೂಸನ್ನ ಆಕಿ ಒಯ್ಯಲಿಲ್ಲ ಅಕ್ಕಾ. ನಾವ ಅದಕ್ಕ ಜಡ್ಡು ಹತ್ತಿಸಿದ್ವಿ. ಆವತ್ತು ನೀವು ಎಡಿ ತಟ್ಟಿ ಕೊಟ್ರಿ, ನಾ ಹಿಡದೆ. ಈಕಿ ಹಿಡಿಯಂಗಿಲ್ಲ."

ಮರುಳಸಿದ್ದಮ್ಮ ಗೋಡೆಗೊರಗಿ ಕೂತಳು. ಅಂದು ಆ ಕೂಸನ್ನು ಮೊದಲು ಎತ್ತಿಕೊಂಡವಳು ಅವಳೇ. ಹೊರಗೆ ಆಟೋ ಹೊರಟ ಸದ್ದು ಕೇಳಿತು. ಅವಳು ಏಳಲಿಲ್ಲ, ತಡೆಯಲೂ ಇಲ್ಲ.

"ಕೊಟ್ರೀ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಅದರ ಮೂಗು ನಿನ್ನಂಗ ಇತ್ತು."