ಗುಳ್ಳಿ ಬಂದರ ಎಳಿ

ಬಾವಿಗೆ ಬಿದ್ದ ಕೊಡ ತೆಗೆಯಲು ಪಂಢರಿ ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದ. ಮೋಟರಿನ ಫುಟ್‌ವಾಲ್ವ್ ಆದರೆ ಐನೂರು, ಮೇಲೆ ಒಂದು ಹೊತ್ತಿನ ಊಟ. ಬಂಗಾರವಾದರೆ ಇಳಿಯುವ ಮೊದಲೇ ಮಾತಾಡಿಕೊಳ್ಳಬೇಕು, ಯಾಕಂದರೆ ಒಡವೆ ಕೈಗೆ ಬಂದ ಮೇಲೆ ಯಾರಿಗೂ ಮಾತು ನೆನಪಿರುವುದಿಲ್ಲ. ಹೆಣ ತೆಗೆದರೆ ದುಡ್ಡು ಮುಟ್ಟುತ್ತಿರಲಿಲ್ಲ.

ಔರಾದ ತಾಲೂಕಿನಲ್ಲಿ, ಠಾಣಾ ಕುಶನೂರಿನಿಂದ ಸಂತಪುರದ ತನಕ, ಯಾರ ಬಾವಿಯಲ್ಲಿ ಏನು ಬಿದ್ದರೂ ಅವನಿಗೇ ಕರೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಹಗ್ಗದ ತುದಿ ಹೆಂಡತಿ ಶಾಲುಬಾಯಿಯ ಕೈಯಲ್ಲಿ ಇರಬೇಕು. ಬೇರೆಯವರ ಕೈಗೆ ಕೊಟ್ಟವನಲ್ಲ. ಉಸಿರು ಕಟ್ಟಿ ಇಳಿದ ಮನುಷ್ಯ ನೀರೊಳಗೆ ಉಸಿರು ಬಿಡುವುದಿಲ್ಲ, ಬಿಟ್ಟನೆಂದರೆ ಏನೋ ಕೆಟ್ಟಿದೆ. ಅದಕ್ಕೇ ಅವರಲ್ಲಿ ಇದ್ದ ಕರಾರು ಒಂದೇ: ಗುಳ್ಳಿ ಬಂದರ ಎಳಿ. ಸಂತಪುರದ ಬಾವಿಯಲ್ಲಿ ಅವನ ಕಾಲು ಪೈಪಿನ ಸಂದಿಗೆ ಸಿಕ್ಕಾಗ ನೀರಿನ ಮೇಲೆ ಬುಳುಬುಳು ಎಂದು ಒಮ್ಮೆಲೇ ಗುಳ್ಳೆ ಎದ್ದವು. ಶಾಲುಬಾಯಿ ಎಳೆದಳು. ಪಾದದ ಚರ್ಮ ಅಲ್ಲೇ ಉಳಿಯಿತು, ಪಂಢರಿ ಮೇಲೆ ಬಂದ.

ಅದಾದ ಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು. ಬಾವಿಗಳ ತಳ ಕಂಡಿತು. ಬಿದ್ದ ಕೊಡವನ್ನು ಮನೆಯವರೇ ನಡೆದುಕೊಂಡು ಇಳಿದು ತರುತ್ತಿದ್ದರು. ಊರಿನ ಅರ್ಧ ಜನ ಹೈದರಾಬಾದು, ಪುಣೆ ಎಂದು ಗಂಟು ಕಟ್ಟಿದರು. ಅಂಥ ಹೊತ್ತಿನಲ್ಲಿ ಭಾಲ್ಕಿಯ ಮಚ್ಛೇಂದ್ರ ಸಿಕ್ಕ. ಅವನು ಗೌಂಡಿ, ಅಂಡಮಾನಿನ ಒಂದು ಸಣ್ಣ ದ್ವೀಪದಲ್ಲಿ ರಿಸಾರ್ಟಿನ ಕಾಟೇಜು ಕಟ್ಟಿ ಬಂದಿದ್ದ.

"ಅಲ್ಲಿ ನೀರಿಗಿ ಇಳೀಲಾಕ ಜನಾನೇ ರೊಕ್ಕ ಕೊಡ್ತಾರಣ್ಣ. ಒಂದ್ಸಲಕ್ಕ ನಾಕು ಸಾವಿರ."

"ಏನ್ ಬಿದ್ದಿರ್ತದ ಅವರದು?"

"ಏನೂ ಬಿದ್ದಿರಂಗಿಲ್ಲ. ಮೀನ ನೋಡ್ಲಾಕ ಇಳೀತಾರ."

"ಹಿಡದು ಮಾರ್ತಾರೇನು?"

"ಮುಟ್ಲಾಕೂ ಬಿಡಂಗಿಲ್ಲ."

"ಶ್ಯಾಣ್ಯಾರ ಊರಲ್ಲ ಬಿಡು ಅದು," ಅಂದ ಪಂಢರಿ. ಮರುದಿನ ಎಮ್ಮೆ ಮಾರಿದ.

ಬೀದರಕ್ಕೆ ಬಂದು ಹೈದರಾಬಾದಿನ ಬಸ್ಸು, ಅಲ್ಲಿಂದ ಚೆನ್ನೈಗೆ ರೈಲು, ಆಮೇಲೆ ಹಡಗು. ಹಡಗಿನ ಹೊಟ್ಟೆಯೊಳಗಿನ ಮಲಗುವ ಹಲಗೆಯ ಮೇಲೆ ಶಾಲುಬಾಯಿಗೆ ನಿದ್ದೆ ಹತ್ತಲಿಲ್ಲ. ಎದ್ದು ಮೇಲೆ ಹೋಗಿ ನೋಡುವಳು, ನೀರು. ಕೆಳಗೆ ಬಂದು ಕೂರುವಳು, ಮತ್ತೆ ಏಳುವಳು. "ಇದಕ್ಕ ದಂಡಿ ಇಲ್ಲೇನ್ರಿ?" ಎಂದು ಕೇಳಿದಳು. "ಇರ್ತದ. ಇಲ್ಲಂದ್ರ ಟಿಕೇಟ್ ಯಾಕ ಕೊಡ್ತಿದ್ರು?" ಎಂದ ಪಂಢರಿ.

ದ್ವೀಪದಲ್ಲಿ ಶಾಲುಬಾಯಿಗೆ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಪಂಢರಿಗೆ ಮಾತ್ರ ಷರತ್ತು. ಮೀನು ನೋಡಲು ಬರುವವರ ಜೊತೆ ನೀರಿಗೆ ಇಳಿಯುವುದನ್ನು ಸೀಸನ್ ಮುಗಿಯುವುದರೊಳಗೆ ಕಲಿತರೆ ಕೆಲಸ, ಗಂಡ ಹೆಂಡತಿಗೆ ಒಂದು ಖೋಲಿ. ಕಲಿಯದಿದ್ದರೆ ಅವನು ಒಬ್ಬನೇ ಹಡಗು ಹತ್ತಬೇಕು. ಅಲ್ಲಿಯತನಕ ಅವನು ಗಂಡಸರ ಶೆಡ್ಡಿನಲ್ಲಿ, ಅವಳು ಹೆಂಗಸರ ಶೆಡ್ಡಿನಲ್ಲಿ.

ಆ ಊರೇ ಅವಳಿಗೆ ಒಗ್ಗಲಿಲ್ಲ. ಹಾಸಿಗೆಯಲ್ಲಿ ಉಸುಕು, ಕಿವಿಯಲ್ಲಿ ಸಮುದ್ರ. ಸುತ್ತ ಇಷ್ಟು ನೀರಿದ್ದೂ, ಸಿಹಿನೀರು ಮಾತ್ರ ದಿನಕ್ಕೆ ಆಳಿಗೆ ಎರಡು ಬಕೆಟ್. ನೀರಿನ ಟಾಕಿಯ ಮುಂದೆ ಸರದಿಯಲ್ಲಿ ನಿಂತಾಗ, ಕೊಡ ಹಿಡಿದು ನಿಲ್ಲಲಿಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದುಕೊಳ್ಳುವಳು. ಅತ್ತೆ ಕೇಶರಬಾಯಿ ಫೋನಿನಲ್ಲಿ, "ಲಾತೂರಿಗಿ ರೈಲಿನಾಗ ನೀರ್ ತಂದಾರಂತ. ನಮ್ಮಲ್ಲಿ ಟ್ಯಾಂಕರೂ ಇಲ್ಲ. ಇಬ್ಬರೂ ಅಲ್ಲೇ ಇರ್ರಿ," ಎಂದಳು. ಇಬ್ಬರೂ ಇರುವುದೇ ಕಷ್ಟವಾಗಿದೆ ಎಂದು ಶಾಲುಬಾಯಿ ಹೇಳಲಿಲ್ಲ.

ಕಲಿಸುವವನು ಬಿಮಲ್, ಅಲ್ಲೇ ಹುಟ್ಟಿದ ಬಂಗಾಲಿ. ಅವನ ಹಿಂದಿಯೂ ಇವರ ದಖನಿಯೂ ಹೇಗೋ ಹೊಂದಿಕೊಂಡವು. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ನಳಿಗೆ. ಉಸಿರು ಆಡುತ್ತಲೇ ಇರಬೇಕು ಎನ್ನುವುದು ಮೊದಲ ನಿಯಮ. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತದೆ. ಉಸಿರು ಕಟ್ಟಿ, ಬಾಯಿ ಮುಚ್ಚಿಕೊಂಡು ಬಂದರೆ ಶ್ವಾಸಕೋಶವೇ ಹರಿದುಹೋಗುತ್ತದೆ. ಪಂಢರಿ ಎಲ್ಲದಕ್ಕೂ ತಲೆ ಆಡಿಸಿದ. ನೀರಿಗೆ ಇಳಿದೊಡನೆ ಉಸಿರು ಕಟ್ಟಿದ. ಬಿಮಲ್ ಕಾಲು ಹಿಡಿದು ನಿಲ್ಲಿಸುವನು, ಎದೆ ತಟ್ಟುವನು. ವಾರಗಟ್ಟಲೆ ಹೀಗೇ ಆಯಿತು.

"ಎಷ್ಟು ಸಲ ಹೇಳಬೇಕು?" ಎಂದ ಬಿಮಲ್.

"ಸಾಬ, ಗಾಳಿ ಉಳಸೋದು ಕಲ್ತಾಂವ ನಾ. ಖರ್ಚ್ ಮಾಡೋದು ಕಲಸ್ಲಾಕ ಹತ್ತೀರಿ ನೀವು." ಆಮೇಲೆ ಪಂಢರಿ ಹೇಳಿದ, "ಸೊಂಟಕ್ಕ ಹಗ್ಗ ಇದ್ದು ತುದಿ ಆಕಿ ಹಿಡದ್ರ ನನಗ ಧೈರ್ಯ ಬರ್ತದ."

ಬಿಮಲ್ ಬೇಡವೆಂದ. ಎರಡು ದಿನ ಯೋಚಿಸಿ ಕಡೆಗೆ ಹೂಂ ಅಂದ.

ಪರೀಕ್ಷೆಯ ದಿನ ಶಾಲುಬಾಯಿಯನ್ನು ದೋಣಿಯಲ್ಲಿ ಕೂರಿಸಿಕೊಂಡರು. "ನೀನು ಹಿಡಿದುಕೊಂಡಿರು, ಅಷ್ಟೇ. ಎಳೆಯಬೇಡ. ಇಲ್ಲಿ ಗುಳ್ಳೆ ಬಂದರೆ ಒಳ್ಳೆಯದು, ನಿಂತರೆ ಕೆಟ್ಟದ್ದು," ಎಂದು ಬಿಮಲ್ ಹೇಳಿಕೊಟ್ಟ. ಅವಳು ಅದನ್ನೇ ತಿರುಗಿ ಹೇಳಿ ತೋರಿಸಿದಳು.

ಇಬ್ಬರೂ ಇಳಿದರು. ಗುಳ್ಳೆ ಬಂದವು, ನಿಂತವು, ಮತ್ತೆ ಬಂದವು. ಸಮನಾಗಿ ಬರತೊಡಗಿದವು. ಅವನು ಉಸಿರಾಡುತ್ತಿದ್ದ. ಶಾಲುಬಾಯಿಯ ತಲೆಗೆ ಅದು ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಗ್ಗವನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಳು. ದೋಣಿಯವನು ಬೀಡಿ ಹಚ್ಚಿಕೊಂಡು, "ಚೆನ್ನಾಗಿ ಮಾಡ್ತಿದ್ದಾನೆ," ಎಂದ.

ಪರೀಕ್ಷೆಯಲ್ಲಿ ಕೊನೆಯದು, ನಳಿಗೆಯನ್ನು ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳುವುದು. ಹಾಕಿಕೊಂಡ ಮೇಲೆ ಜೋರಾಗಿ ಊದಿ ನೀರು ಹೊರಗೆ ತಳ್ಳಬೇಕು. ಪಂಢರಿ ಸರಿಯಾಗಿಯೇ ಊದಿದ. ಮೇಲೆ ಬುಳುಬುಳು ಎಂದು ಒಮ್ಮೆಲೇ ಗುಳ್ಳೆ ಎದ್ದವು, ಸಂತಪುರದ ಬಾವಿಯಲ್ಲಿ ಎದ್ದ ಹಾಗೆಯೇ.

ದೋಣಿಯವನು ಬೀಡಿ ಬಿಸಾಡಿ ಏಳುವುದರೊಳಗೆ ಅವಳು ಎದ್ದು ನಿಂತು ಎರಡು ಕೈಯಲ್ಲೂ ಎಳೆಯುತ್ತಿದ್ದಳು.

ಪಂಢರಿ ನಗುತ್ತಲೇ ಮೇಲೆ ಬಂದ. "ಯಾಕ ಎಳದಿ?" ಎಂದು ಕೇಳಿ ಕೆಮ್ಮಿದ. ಉಗುಳಿನಲ್ಲಿ ರಕ್ತ ಬಂತು.

ಬಿಮಲ್ ಅವನ ಮೂಗಿಗೆ ಆಮ್ಲಜನಕ ಹಚ್ಚಿ ಅದೇ ದೋಣಿಯಲ್ಲಿ ದೊಡ್ಡ ದ್ವೀಪದ ಆಸ್ಪತ್ರೆಗೆ ಒಯ್ದ. ವಾರದ ಮೇಲೆ ಡಾಕ್ಟರು ಬಿಟ್ಟರು. ಜೀವಕ್ಕೆ ಏನಿಲ್ಲ, ಆದರೆ ಆ ಎದೆ ಇನ್ನು ನೀರೊಳಗೆ ಇಳಿಯುವಂಥದ್ದಲ್ಲ; ಸಮುದ್ರವೂ ಬೇಡ, ಬಾವಿಯೂ ಬೇಡ ಎಂದರು.

ವಾಪಸು ಬರುವಾಗ ಶಾಲುಬಾಯಿ ದೋಣಿಯಲ್ಲಿ ಒಂದು ಕಡೆ ಕೂರಲಾರದೆ ಕೂತಿದ್ದಳು.

"ಗುಳ್ಳಿ ಬಂದ್ವು," ಎಂದಳು.

"ಬರಬೇಕಿತ್ತು ಅವು."

"ಗೊತ್ತಿತ್ತು ನನಗ."

"ಎಳದದ್ದು ನೀ. ಬಾಯಿ ಮುಚ್ಚಿದ್ದು ನಾ," ಎಂದ ಪಂಢರಿ. "ಹಗ್ಗ ಜಗ್ಗಿದ ಕೂಡ್ಲೆ ಬಾವ್ಯಾಗ ಇದ್ದೇನಿ ಅನಕೊಂಡೆ. ಉಸುರು ಕಟ್ಟಿ ಕಾಲು ಬಡದೆ. ನೀ ಎಳೀದೇ ಕೂತಿದ್ರ ಪಾಸಾಗತಿದ್ದೆ ಖರೆ. ಆದ್ರ ಮನ್ಯಾಗ ದಿನಾ ಕೇಳತಿದ್ದೆ, ಯಾಕ ಎಳೀಲಿಲ್ಲ ಅಂತ."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

ಹಗ್ಗಕ್ಕೆ ಹೂಂ ಅಂದವನು ತಾನು ಎಂಬುದು ಬಿಮಲ್‌ಗೆ ಕೊರೆಯುತ್ತಿತ್ತು. ಮಾಲೀಕರ ಹತ್ತಿರ ಜಗಳಾಡಿ, ಸಿಲಿಂಡರಿಗೆ ಗಾಳಿ ತುಂಬುವ ಯಂತ್ರದ ಮೇಲೆ ಪಂಢರಿಯನ್ನು ಹಾಕಿಸಿದ. ದಂಡೆಯ ಮೇಲಿನ ತಗಡಿನ ಶೆಡ್ಡು. ದಿನವಿಡೀ ಭಡಭಡ ಸದ್ದು. ಬೇರೆಯವರು ಇಳಿಯಲಿಕ್ಕೆ ಅವನು ಗಾಳಿ ತುಂಬುತ್ತಾನೆ. ದೋಣಿ ಹೊರಟಾಗ ಹೊರಗೆ ಬಂದು ನಿಲ್ಲುತ್ತಾನೆ, ಒಳಗೆ ಹೋಗುತ್ತಾನೆ, ಮತ್ತೆ ಬಂದು ನಿಲ್ಲುತ್ತಾನೆ.

ಆ ವರ್ಷ ಮಳೆಗಾಲದ ಕೊನೆಗೆ ಔರಾದದಲ್ಲಿ ಎಡೆಬಿಡದೆ ಮಳೆಯಾಯಿತು. "ಬಾವಿ ತುಂಬ್ಯಾವ. ಮಂದಿ ನಿಮ್ಮನ್ನ ಕೇಳ್ತಾರ, ಪಂಢರಿ ಯಾವಾಗ ಬರ್ತಾನ ಅಂತ," ಎಂದು ಕೇಶರಬಾಯಿ ಫೋನು ಮಾಡಿದಳು. ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಎಂದು ಶಾಲುಬಾಯಿ ಹೇಳಿದಳು.

ಅವರಿಗೆ ಎರಡು ಪಗಾರ ಸಿಕ್ಕವು, ಇಬ್ಬರಿಗೆ ಒಂದು ಖೋಲಿ ಸಿಕ್ಕಿತು. ಪಂಢರಿಯ ಪಾಲಿಗೆ ನೀರು ಮಾತ್ರ ಇಲ್ಲವಾಯಿತು.