ರಾತ್ರಿಯಿಲ್ಲದ ಕಡಲು

ಒದ್ದೆ ಅಂಗಿಯನ್ನು ಕೊಡವಿ ತಂತಿಗೆ ಹಾಕಹೊರಟವಳು ಅಲ್ಲೇ ನಿಂತಳು. ಅದು ಗಂಡನ ಅಂಗಿ. ಆಸ್ಪತ್ರೆಯಿಂದ ತಂದ ಅವನ ದೇಹ ನಡುಮನೆಯಲ್ಲಿತ್ತು. ಒಳಗಿನಿಂದ ಮೈದುನ ಕೂಗಿದ.

"ಅತ್ತಿಗೆ, ಫ್ರೀಜರ್ ಪೆಟ್ಟಿಗೆ ಬಂತು. ಅಕ್ಕ ಬರೋವರೆಗೆ ಇಡ್ಬೇಕಲ್ಲ, ಅಣ್ಣನ ಕಂಪ್ಯೂಟರ್ ಪ್ಲಗ್ ಕೀಳ್ಲಾ?"

ಮನೆಯಲ್ಲಿ ಹೆಚ್ಚು ಕರೆಂಟ್ ತಾಳುವ ಪ್ಲಗ್ ಇದ್ದದ್ದು ಗಂಡನ ಕೋಣೆಯಲ್ಲಿ ಮಾತ್ರ. ಫ್ರಿಜ್ಜಿಗೂ ಆ ಭಾಗ್ಯ ಸಿಕ್ಕಿರಲಿಲ್ಲ.

"ಬೇಡ, ಬೇಡ!" ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಗಂಡನ ಸಹೋದ್ಯೋಗಿ ಧಾವಿಸಿ ಬಂದ. "ಅವರು ಹಚ್ಚಿಟ್ಟ ಹವಾಮಾನದ ಲೆಕ್ಕ ಸಂಜೆಗೆ ಮುಗಿಯುತ್ತೆ. ಈಗ ನಿಲ್ಲಿಸಿದ್ರೆ ಮೊದಲಿಂದ ಶುರು ಮಾಡ್ಬೇಕು."

"ಯಾರು ಶುರು ಮಾಡ್ತಾರೆ?" ಎಂದಳು.

ಪಕ್ಕದ ಮನೆಯಾಕೆ ಕುರ್ಚಿ ಎಳೆದುಕೊಳ್ಳುತ್ತ ಗೊಣಗಿದಳು. "ಮಳೆ ಬರುತ್ತೇನಪ್ಪಾ, ಬಟ್ಟೆ ಒಣ ಹಾಕ್ಲಾ ಅಂತ ಒಂದಿನ ಕೇಳ್ದೆ. ನನ್ನ ಲೋಕದಲ್ಲಿ ನಿಮ್ಮ ಬೀದಿನೇ ಇಲ್ಲ ಅಕ್ಕಾ, ಅಂದ್ರು. ಇವರಿಗೆ ಸಂಬಳ ಯಾಕೆ ಕೊಡ್ತಿದ್ರೋ!"

ಮೈದುನನಿಗೆ ನಗು ಬಂತು. ಅಣ್ಣನ ಮುಖ ಕಂಡು ನುಂಗಿಕೊಂಡ.

*

ಹೋದ ವಾರ ಮಗಳು ಅಪ್ಪನ ಕುರ್ಚಿಗೆ ಒರಗಿ ನಿಂತಿದ್ದಳು. ಕಂಪ್ಯೂಟರ್ ತೆರೆಯ ಒಂದು ಮೂಲೆಯಲ್ಲಿ ಮಾತ್ರ ಕಡುನೀಲಿ, ಉಳಿದದ್ದೆಲ್ಲ ಒಣ ಕಂದು.

"ಮತ್ತೆ ತೇವವೆಲ್ಲ ಹರಡಿಕೊಳ್ಳದೆ ಒಂದೇ ಕಡೆ ಹೋಗಿ ಕೂತಿದೆ, ಹಾಳಾದ್ದು!" ಅವನು ಮೇಜು ಗುದ್ದಿದ.

"ಇದು ಯಾವ ಊರು ಅಪ್ಪಾ?"

"ಯಾವುದೂ ಅಲ್ಲ ಪುಟ್ಟಿ. ಬರೀ ಬೆಚ್ಚನೆ ಕಡಲು, ಅದರ ಮೇಲೆ ಗಾಳಿ. ಎಷ್ಟು ಬಿಸಿ, ಎಷ್ಟು ತೇವ, ಅಷ್ಟೇ. ನೆಲ ಇಲ್ಲ, ಬೆಟ್ಟ ಇಲ್ಲ, ರಾತ್ರಿನೂ ಇಲ್ಲ. ಲೆಕ್ಕಕ್ಕೆ ತೊಡಕಾಗೋದನ್ನೆಲ್ಲ ತೆಗೆದುಬಿಟ್ಟಿದೀನಿ."

ಮಗಳು ಏನೋ ಕೇಳಲು ಬಾಯಿ ತೆರೆದಳು.

"ಆಮೇಲೆ ಪುಟ್ಟಿ, ಆಮೇಲೆ," ಎಂದು ಅವನು ತೆರೆಯತ್ತ ತಿರುಗಿದ.

*

ಅಂಗಿ ಹಿಡಿದುಕೊಂಡೇ ಅವಳು ಕೋಣೆಗೆ ಬಂದಳು. ಯಂತ್ರ ಗುಂಯ್‌ಗುಡುತ್ತಿತ್ತು. ನೀಲಿ ಈಗ ತೆರೆಯ ತುಂಬ ತೆಳ್ಳಗೆ ಹರಡಿತ್ತು.

"ಗೆದ್ದುಬಿಟ್ರು," ಎಂದ ಸಹೋದ್ಯೋಗಿ, ಪಿಸುದನಿಯಲ್ಲಿ.

ಹೊರಗೆ ಪೆಟ್ಟಿಗೆ ತಂದವರು ಅವಸರ ಮಾಡುತ್ತಿದ್ದರು.

"ಊಟಕ್ಕೆ ಕರೆದ್ರೂ ಆಮೇಲೆ. ಮಗಳ ಸ್ಕೂಲಿಗೆ ಬನ್ನಿ ಅಂದ್ರೂ ಆಮೇಲೆ. ಎದೆ ನೋವು ಅಂತೀರಲ್ಲ, ಡಾಕ್ಟರ ಹತ್ರ ಹೋಗೋಣ ಅಂದ್ರೂ ಆಮೇಲೆ." ಅವಳು ತೆರೆಗೇ ಹೇಳಿದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಅಂಗಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಮಗಳು ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಅಮ್ಮಾ, ನಮ್ಮನ್ನೂ ತೊಡಕು ಅಂತಾನೇ ತೆಗೆದುಬಿಟ್ಟಿದ್ರಾ ಅಪ್ಪ?"